ವಿದೇಶದ ರಸ್ತೆಯಲ್ಲಿ ನಾನು ಮಾಡಿದ ರಾಶಿ

ವಿದೇಶದಲ್ಲಿ ಗಾಡಿ ಓಡಿಸುವವರು ಪಾಲಿಸಬೇಕಾದ ಇಪ್ಪತ್ತೊಂದು ಸುರಕ್ಷತಾ ಸೂಚನೆಗಳನ್ನು ನಾನು ಬರೆದಿದ್ದೇನೆ. ಬರೆಯುವಾಗ ನಾನು ಯಾವ ವಿದೇಶಕ್ಕೂ ಹೋಗಿರಲಿಲ್ಲ. ಗಾಡಿ ಓಡಿಸಿದ್ದೂ ಅಷ್ಟಕ್ಕಷ್ಟೆ. ಆದರೆ ಶಹಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ಸುತ್ತೋಲೆ ಬರೆದವನಿಗೆ ಇವೆಲ್ಲ ಅಡ್ಡಿಯೇ ಅಲ್ಲ. ಮಳೆ ಬಾರದ ವರ್ಷ ನೀರನ್ನು ಉಳಿಸುವ ಬಗ್ಗೆ ಬರೆದಿದ್ದೇನೆ, ಹೊಳೆ ಉಕ್ಕಿದ ವರ್ಷ ನೀರಿನಿಂದ ಉಳಿಯುವ ಬಗ್ಗೆ ಬರೆದಿದ್ದೇನೆ. ಎರಡನ್ನೂ ಕುರ್ಚಿ ಬಿಟ್ಟು ಏಳದೆ ಬರೆದೆ.

ಈ ಸಲದ ಸುತ್ತೋಲೆಗೆ ಕಾರಣ ನನ್ನ ಅತ್ತೆ ದೇವಮ್ಮ. ಸುರಪುರದ ಹತ್ತಿರ ಬೋನಾಳ ಕೆರೆಯ ಪಕ್ಕದ ಊರು ಅವರದು. ಎಪ್ಪತ್ತೈದು ದಾಟಿದೆ. ಬುದ್ಧಿ ಬಂದಾಗಿನಿಂದ ಮೊಣಕಾಲು ಕೈಕೊಡುವವರೆಗೆ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಮಕ್ಕಳನ್ನು ದಡ ಸೇರಿಸಿದವರು. ಅವರ ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟವೊಂದಿದೆ. ದಿನಾ ಬೆಳಿಗ್ಗೆ ಅದರ ಮುಂದೆ ಐದು ನಿಮಿಷ ಸುಮ್ಮನೆ ಕೂರುತ್ತಾರೆ. ಯಾರಿಂದಲೂ ಏನನ್ನೂ ಕೇಳಿದವರಲ್ಲ. ಹೋದ ವರ್ಷ ಮಾತ್ರ ಒಂದು ಮಾತು ಕೇಳಿದರು.

ನನ್ನನ್ನಲ್ಲ. ಅತ್ತೆ ಅಳಿಯ ಎದುರಾಬದುರು ಮಾತನಾಡಬಾರದು ಎಂಬ ಹಳೆಯ ರೂಢಿಯನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದವರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನ್ನ ಮುಖ ನೋಡಿ ಒಂದು ಮಾತು ಆಡಿರಲಿಲ್ಲ. ನನಗೆ ಹೇಳಬೇಕಾದ್ದನ್ನು ನನ್ನ ಹೆಂಡತಿಗೆ ಹೇಳುತ್ತಿದ್ದರು. ಅವಳಿಲ್ಲದಿದ್ದರೆ ಮಗನಿಗೆ. ಒಮ್ಮೆ ಮನೆಯಲ್ಲಿ ಇಬ್ಬರೂ ಇಲ್ಲದಾಗ ತಲೆಯ ಮೇಲೆ ಸೆರಗು ಎಳೆದುಕೊಂಡು ಎಮ್ಮೆಯ ಕಡೆ ತಿರುಗಿ, "ಅಳಿಯಂದ್ರು ಬಂದಾರ, ಕಾಲಿಗಿ ನೀರು ಬಾನಿಯಾಗ ಅವ" ಎಂದಿದ್ದರು. ಎಮ್ಮೆ ನನ್ನ ಕಡೆ ನೋಡಿತು. ನಾನು ಹೋಗಿ ಕಾಲು ತೊಳೆದುಕೊಂಡೆ.

ಹಾಗಾಗಿ ಈ ಮಾತೂ ನನ್ನ ಹೆಂಡತಿ ಶಾಂತಾಳ ಮೂಲಕವೇ ಬಂತು.

"ಅವ್ವಗ ಲುಂಬಿನಿ ನೋಡಬೇಕಂತ ಆಸೆ ಅದ ನೋಡ್ರಿ. ಬುದ್ಧ ಹುಟ್ಟಿದ ನೆಲಕ್ಕ ಒಮ್ಮಿ ಕೈ ಹಚ್ಚಿ ಬರಬೇಕಂತ. ಮೊಣಕಾಲು ಪೂರಾ ಹೋಗೂದ್ರಾಗ ಕರ್ಕೊಂಡು ಹೋದ್ರ ಛಲೋ ಆಗ್ತದ."

ಆಗಲಿ ಎಂದು ಕೂಡಲೇ ಒಪ್ಪಿದೆ. ನಾನು ಕೆಟ್ಟವನಲ್ಲ. ನನ್ನ ತೊಂದರೆ ಇರುವುದು ಒಳ್ಳೆಯತನವನ್ನು ಕಾರ್ಯರೂಪಕ್ಕೆ ತರುವಲ್ಲಿ.

"ಯಾದಗಿರಿಯಾಗ ರೈಲು ಹತ್ತಿದ್ರಾತು" ಎಂದಳು ಶಾಂತಾ.

"ಆಮ್ಯಾಲ ಇಳಿಯೂದು, ಬಸ್ಸು ಹತ್ತೂದು, ಮತ್ತ ಇಳಿಯೂದು. ನಿಮ್ಮವ್ವನ ಮೊಣಕಾಲಿನ ಗತಿ ಏನು? ನಮ್ಮ ಗಾಡಿ ತಗೊಂಡೇ ಹೋಗೂಣು."

ನಮ್ಮ ಗಾಡಿ ಎಂದರೆ ಬೇರೆಯವರು ಓಡಿಸಿ ಬಿಟ್ಟ ಏಳು ಸೀಟಿನ ಹಳೆಯ ಗಾಡಿ. ನಾನು ಅದನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಓಡಿಸುತ್ತೇನೆ. ಎರಡು ಕಿಲೋಮೀಟರು. ನಡುವೆ ಒಂದು ಹಂಪು ಇದೆ.

"ಗಾಡಿ ಯಾರು ಹೊಡೀತಾರ?" ಎಂದು ಶಾಂತಾ ನಿಧಾನವಾಗಿ ಕೇಳಿದಳು.

"ಸಾಬಣ್ಣ."

"ಹಂಗಾದ್ರ ಹೋಗೂಣು" ಎಂದು ತಕ್ಷಣ ಒಪ್ಪಿದಳು. ಆ ತಕ್ಷಣದಲ್ಲಿ ನನಗೆ ಅವಮಾನವಿತ್ತು. ದೇಶ ದಾಟುವ ಸಂದರ್ಭದಲ್ಲಿ ಸಣ್ಣಪುಟ್ಟದ್ದಕ್ಕೆ ಸಿಟ್ಟಾಗಬಾರದೆಂದು ನುಂಗಿಕೊಂಡೆ.

ಸಾಬಣ್ಣ ಶಾಂತಾಳ ತಮ್ಮ. ಹತ್ತು ವರ್ಷದಿಂದ ಯಾದಗಿರಿಯಿಂದ ಕಡೇಚೂರಿನ ಫ್ಯಾಕ್ಟರಿಗಳಿಗೆ ಕಾರ್ಮಿಕರ ಗಾಡಿ ಓಡಿಸುತ್ತಾನೆ. ಮಾತು ಕಡಿಮೆ. ಒಂದು ಸಲವೂ ಯಾರಿಗೂ ಗಾಡಿ ತಾಗಿಸಿದವನಲ್ಲ. ಆದರೆ ಅದೆಲ್ಲ ಸ್ವದೇಶದ ಅನುಭವ. ವಿದೇಶದ ಬಗ್ಗೆ ಅವನಿಗೆ ಯಾರೋ ತಿಳಿದವರು ಮಾರ್ಗದರ್ಶನ ಮಾಡಬೇಕಲ್ಲ? ಮಾರ್ಗದರ್ಶಕನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ.

ಹದಿನೈದು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ವಿದೇಶದಲ್ಲಿ ಗಾಡಿ ಓಡಿಸುವ ಬಗ್ಗೆ ಜಗತ್ತಿನ ನಾನಾ ಜನ ನನಗೆ ಪಾಠ ಹೇಳಿದರು. ಹಿಮ ಬಿದ್ದ ರಸ್ತೆಯಲ್ಲಿ ಬ್ರೇಕು ಹೇಗೆ ಹಿಡಿಯಬೇಕು, ಜಿಂಕೆ ಅಡ್ಡ ಬಂದರೆ ಏನು ಮಾಡಬೇಕು, ಎಲ್ಲ ಬರೆದುಕೊಂಡೆ. ಕೊನೆಗೆ "ವಿಷಯ: ಪರದೇಶದ ರಸ್ತೆಗಳಲ್ಲಿ ಸುರಕ್ಷಿತ ವಾಹನ ಚಾಲನೆ ಕುರಿತು" ಎಂಬ ತಲೆಬರಹದಡಿ ಇಪ್ಪತ್ತೊಂದು ಸೂಚನೆಗಳ ಸುತ್ತೋಲೆ ಸಿದ್ಧವಾಯಿತು. ಚಾಲಕನು ಮೂರು ಗಂಟೆಗೊಮ್ಮೆ ಕಡ್ಡಾಯವಾಗಿ ವಿಶ್ರಾಂತಿ ಪಡೆಯತಕ್ಕದ್ದು. ದಟ್ಟಣೆ ಕಡಿಮೆ ಇರುವ ರಸ್ತೆಯನ್ನೇ ಆರಿಸಿಕೊಳ್ಳತಕ್ಕದ್ದು. ಧೂಳಿನಿಂದ ಚಾಲಕನ ಗಮನ ಕೆಡದಂತೆ ಗಾಜುಗಳನ್ನು ಏರಿಸಿರತಕ್ಕದ್ದು. ಹದಿನೇಳನೆಯದು ನನಗೆ ಬಹಳ ಪ್ರಿಯವಾದದ್ದು: ಆ ದೇಶದ ಜನರ ರೀತಿನೀತಿಗಳನ್ನು ಮೊದಲು ತಿಳಿದುಕೊಂಡು, ತದನಂತರ ಅದರಂತೆ ವರ್ತಿಸತಕ್ಕದ್ದು.

ಶಾಂತಾ ಪ್ರಾಥಮಿಕ ಶಾಲೆಯ ಟೀಚರು. ಸುತ್ತೋಲೆಯನ್ನು ಓದಿ ಕೆಂಪು ಶಾಯಿಯಲ್ಲಿ "ಅಕ್ಷರ ಉತ್ತಮ. ವಿಷಯ ಸಾಧಾರಣ" ಎಂದು ಬರೆದು ಹಿಂತಿರುಗಿಸಿದಳು. ಸಾಬಣ್ಣನಿಗೆ ಒಂದು ಪ್ರತಿ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಮಾಡು ಎಂದೆ. ಅವನು ಎರಡೂ ಕಡೆ ತಿರುಗಿಸಿ ನಿಧಾನವಾಗಿ ಓದಿದ.

"ಮಾವ, ಹಿಮ ಅಂತೀರಿ, ಜಿಂಕಿ ಅಂತೀರಿ. ಮುಂದ ಯಾರರ ಬಂದ್ರ ಬ್ರೇಕ್ ಹಿಡೀಬೇಕಂತ ಎಲ್ಲೀನೂ ಬರ್ದಿಲ್ಲಲ್ರಿ?"

ಇಪ್ಪತ್ತೆರಡನೆಯದಾಗಿ ಸೇರಿಸಬಹುದಿತ್ತು. ಆದರೆ ಅಷ್ಟರಲ್ಲಿ ನಕಲು ಪ್ರತಿ ತೆಗೆಸಿ ಆಗಿತ್ತು.

ಸೂಚನೆ ಒಂದರ ಪ್ರಕಾರ ವಿದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ನಾನು ನೋಡಿದ ಅಷ್ಟೂ ವಿಡಿಯೋಗಳಲ್ಲಿ ಬಲಕ್ಕೇ ಓಡುತ್ತಿದ್ದವು. ಆದ್ದರಿಂದ ಹೊರಡುವ ಮುಂಚೆ ಒಂದು ವಾರ ಬೆಳಿಗ್ಗೆ ಶಹಾಪುರದ ಹೊರಗಿನ ಖಾಲಿ ಲೇಔಟಿನಲ್ಲಿ ಸಾಬಣ್ಣನಿಗೆ ಬಲಬದಿಯ ತರಬೇತಿ ಕೊಟ್ಟೆ. ಅವನಿಗೆ ಇಷ್ಟವಿರಲಿಲ್ಲ. ಅಕ್ಕನ ಗಂಡ ಎಂದು ಸುಮ್ಮನಿದ್ದ. ಏಳನೆಯ ದಿನ ಕೈ ಎಷ್ಟು ಪಳಗಿತೆಂದರೆ, ಲೇಔಟಿನಿಂದ ಸುರಪುರ ರಸ್ತೆಗೆ ಬಂದವನು ಮರೆತು ಬಲಕ್ಕೇ ಹೊರಟ! ಎದುರಿಗೆ ಮೇವು ಹೇರಿದ ಟ್ರಾಕ್ಟರು. ಎರಡೂ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ನಿಂತವು.

"ಏನೋ ಸಾಬಣ್ಣ, ಹೊತ್ತು ಹೊಂಡೂದ್ರಾಗ ಎಣ್ಣಿ ಹಾಕಿಯೇನು?" ಎಂದ ಟ್ರಾಕ್ಟರಿನವನು.

"ಇಲ್ಲೋ ಮಾರಾಯ, ಮಾವ ಫಾರಿನ್ ಕಲಸಾಕತ್ತಾರ" ಎಂದ ಸಾಬಣ್ಣ.

ಹೊರಟೆವು. ನಾಲ್ಕು ದಿನ, ಮೂರು ರಾತ್ರಿ. ಸಾಬಣ್ಣ ಓಡಿಸಿದ, ಹಿಂದಿನ ಸೀಟಿನಲ್ಲಿ ಅತ್ತೆ ಕಾಲು ಚಾಚಿ ಕೂತರು, ಶಾಂತಾ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿದಳು. ನಾನು ಮುಂದೆ ಕೂತು ಸೂಚನೆಗಳನ್ನು ಗಟ್ಟಿಯಾಗಿ ಓದಿದೆ. ನೇಪಾಳದ ಗಡಿ ಮುಟ್ಟಿದ ಬೆಳಿಗ್ಗೆ ಗಾಡಿಗೆ ಅಂದು ಸಂಜೆಯವರೆಗಿನ ಪರವಾನಗಿ ಸಿಕ್ಕಿತು. ನನ್ನ ಲೆಕ್ಕದಲ್ಲಿ ಅದು ಧಾರಾಳವಾಯಿತು. ಮಧ್ಯಾಹ್ನದೊಳಗೆ ಲುಂಬಿನಿ, ಮೂರಕ್ಕೆ ಹೊರಟರೆ ಐದಕ್ಕೆ ಗಡಿ. ಪರವಾನಗಿ ಕೊಟ್ಟವರ ಹತ್ತಿರ, "ನಾವು ಬಲಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡೇ ಬಂದಿದ್ದೇವೆ" ಎಂದು ನನ್ನ ಶಹಾಪುರದ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದೆ. ಆತ ಪೆನ್ನು ಕೆಳಗಿಟ್ಟ. ನೇಪಾಳದಲ್ಲೂ ನಿಮ್ಮ ಹಾಗೇ ಎಡಕ್ಕೆ ಓಡಿಸುತ್ತಾರೆ, ದಯವಿಟ್ಟು ಎಡಕ್ಕೇ ಹೋಗಿ ಎಂದು ಕೈಮುಗಿದ.

ಸಾಬಣ್ಣ ನನ್ನ ಕಡೆ ಒಮ್ಮೆ ನೋಡಿದ. ಗಾಡಿ ಹತ್ತಿ ಎಡಕ್ಕೇ ಹೊರಟ. ಅವನು ಏನಾದರೂ ಅಂದಿದ್ದರೆ ನನಗೂ ಉತ್ತರ ಕೊಡಲು ಬರುತ್ತಿತ್ತು.

ಕೆಟ್ಟ ಹೆಸರನ್ನು ತೊಳೆದುಕೊಳ್ಳಲು ನನಗೊಂದು ಅವಕಾಶ ಬೇಕಾಗಿತ್ತು. ಗಡಿ ದಾಟಿ ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಗಡಿಯಾರ ನೋಡಿದೆ. ಸಾಬಣ್ಣ ಸ್ಟೇರಿಂಗ್ ಹಿಡಿದು ಮೂರು ಗಂಟೆ ಕಳೆದಿತ್ತು.

"ಗಾಡಿ ನಿಂದರಸು. ವಿಶ್ರಾಂತಿ."

"ನನಗೇನಾಗಿಲ್ರಿ ಮಾವ. ಇನ್ನ ಅರ್ಧ ತಾಸಿನ ಹಾದಿ ಅದ."

"ನೀ ಸಹಿ ಮಾಡೀದಿ."

ಸಾಬಣ್ಣ ಇಳಿದು ಕೊನೆಯ ಸೀಟಿಗೆ ಹೋಗಿ ಟವೆಲು ಮುಖದ ಮೇಲೆ ಹಾಕಿಕೊಂಡ. ಚಾಲಕನಿಗೆ ವಿಶ್ರಾಂತಿ ಕೊಟ್ಟರೆ ಗಾಡಿ ಯಾರು ಓಡಿಸಬೇಕೆಂದು ಸುತ್ತೋಲೆಯಲ್ಲಿ ಇರಲಿಲ್ಲ. ಅದು ತಾನಾಗಿಯೇ ನನ್ನ ಮೇಲೆ ಬಂತು. ಹತ್ತು ವರ್ಷ ಕಾರ್ಮಿಕರ ಗಾಡಿ ಓಡಿಸಿದವನು ಸುರಕ್ಷತೆಯ ದೃಷ್ಟಿಯಿಂದ ಹಿಂದೆ ಮಲಗಿದ. ಎರಡು ಕಿಲೋಮೀಟರಿನ ಅನುಭವದವನು ಸುರಕ್ಷತೆಯ ದೃಷ್ಟಿಯಿಂದ ಮುಂದೆ ಕೂತ!

ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿ ಇದ್ದವು. ದಟ್ಟಣೆಯ ಸೂಚನೆಗೆ ಗೌರವ ಕೊಟ್ಟು ಹಳ್ಳಿಯ ರಸ್ತೆಗೆ ತಿರುಗಿಸಿದೆ. ಡಾಂಬರು ಚೆನ್ನಾಗಿತ್ತು. ಎರಡೂ ಕಡೆ ಕೊಯ್ದ ಹೊಲ, ದೂರಕ್ಕೊಂದು ಮನೆ. ಶಾಂತಾ ಗಾಜು ಇಳಿಸಲು ಹೋದಳು. ಧೂಳು ಎಂದು ತಡೆದೆ. ಗಾಡಿ ಗಂಭೀರವಾಗಿ ಸಾಗಿತು. ಅತ್ತೆ ಹೊರಗೆ ನೋಡುತ್ತ, "ಮಣ್ಣು ನಮ್ಮಂಗ ಕರೀದಿಲ್ಲ ನೋಡು" ಎಂದು ಮಗಳಿಗೆ ಹೇಳುವುದು ಕೇಳಿಸಿತು. ನನಗೆ ಬಹಳ ಸಂತೋಷವಾಯಿತು. ಇವರನ್ನು ಇಲ್ಲಿಯವರೆಗೆ ತಂದವನು ನಾನೇ ಅಲ್ಲವೇ ಅನಿಸಿತು.

ಆಗ ರಸ್ತೆಯ ಎಡಕ್ಕೆ, ಅರ್ಧ ಡಾಂಬರನ್ನು ಆಕ್ರಮಿಸಿ, ಒಣಗಿದ ಗಿಡಗಳನ್ನು ಹರಡಿದ್ದು ಕಾಣಿಸಿತು.

ಇಲ್ಲಿ ನಮ್ಮ ಕಡೆಯ ಒಂದು ವಿಚಾರವನ್ನು ಬೇರೆ ಕಡೆಯವರಿಗಾಗಿ ಹೇಳಬೇಕು. ಸುಗ್ಗಿಯಲ್ಲಿ ಶಹಾಪುರ, ಸುರಪುರದ ರಸ್ತೆಗಳೇ ನಮಗೆ ಕಣ. ಕೊಯ್ದ ಹುರುಳಿಯನ್ನೋ ಸಜ್ಜೆಯನ್ನೋ ತಂದು ಡಾಂಬರಿನ ಮೇಲೆ ಹರಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿಗಳ ಗಾಲಿ ತುಳಿದು ಕಾಳು ಬೇರೆ, ಹೊಟ್ಟು ಬೇರೆ ಆಗುತ್ತದೆ. ಪಕ್ಕದಿಂದ ತಪ್ಪಿಸಿಕೊಂಡು ಹೋಗುವ ಡ್ರೈವರಿಗೆ ಬೈಗುಳ ಬೀಳುತ್ತದೆ. ಬೈಕಿನವರು ಜಾರಿ ಬೀಳುತ್ತಾರೆ, ಆದ್ದರಿಂದ ರಸ್ತೆಯ ಮೇಲೆ ರಾಶಿ ಮಾಡತಕ್ಕದ್ದಲ್ಲ ಎಂಬ ಸುತ್ತೋಲೆಯನ್ನು ನಾನೇ ಮೂರು ಸಲ ಬರೆದಿದ್ದೇನೆ. ಮೂರು ಸಲವೂ ಅದಕ್ಕೆ ಸಹಿ ಮಾಡಿಸಿಕೊಂಡು ಮನೆಗೆ ಬರುವಾಗ, ಹರಡಿದ್ದ ಹುರುಳಿಯ ಮೇಲೆ ಗಾಡಿ ಹತ್ತಿಸಿಕೊಂಡೇ ಬಂದಿದ್ದೇನೆ. ಅದು ನಮ್ಮಲ್ಲಿ ಮರ್ಯಾದೆ.

ಗಿಡಗಳ ಆಚೆ ಮುದುಕಿಯೊಬ್ಬಳು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಳು. ನಮ್ಮ ಹೆಂಗಸರೂ ಹೀಗೇ ಬೀಸುತ್ತಾರೆ: ಬರ್ರಿ, ಇದರ ಮ್ಯಾಲ ಬರ್ರಿ ಎಂದು. ನನ್ನ ಎದೆ ಉಬ್ಬಿತು. ಹದಿನೇಳನೆಯ ಸೂಚನೆ! ಈ ದೇಶದ ರೀತಿಯೂ ನಮ್ಮದೇ! ಗಾಡಿಯನ್ನು ಎಡಕ್ಕೆ ಎಳೆದು, ಕಾಳಜಿಯಿಂದ, ಎರಡೂ ಬದಿಯ ಗಾಲಿ ಸರಿಯಾಗಿ ನಡುವೆ ಬೀಳುವಂತೆ ಅದರ ಮೇಲೆ ಹತ್ತಿಸಿದೆ. ಚಟಚಟ ಎಂಬ ಸದ್ದು ಬಂತು.

ಮುದುಕಿ ಈಗ ಗಾಡಿಯ ಪಕ್ಕದಲ್ಲಿ ಓಡತೊಡಗಿದಳು. ಬಾಯಿ ತೆರೆದು ಏನೋ ಹೇಳುತ್ತಿದ್ದಳು. ಗಾಜು ಏರಿಸಿದ್ದರಿಂದ ಕೇಳಲಿಲ್ಲ.

"ಏನಂತಾಳ್ರಿ ಆಕಿ?" ಎಂದಳು ಶಾಂತಾ.

"ಹರಸಾಕತ್ತಾಳ."

ಒಂದು ಸಲ ತುಳಿದರೆ ಕಾಳು ಪೂರ್ತಿ ಉದುರುವುದಿಲ್ಲ. ಅರ್ಧ ಕೆಲಸ ಮಾಡಿ ಹೋಗುವುದು ನನ್ನ ಸ್ವಭಾವವಲ್ಲ. ರಿವರ್ಸ್ ಹಾಕಿ ಹಿಂದಕ್ಕೆ ತುಳಿದೆ. ಮತ್ತೆ ಮುಂದಕ್ಕೆ ತುಳಿದೆ. ಮತ್ತೊಮ್ಮೆ ಹಿಂದಕ್ಕೆ ಬರುವಾಗ ಕೆಳಗೆ ಹಾಸಿದ್ದ ಹಳೆಯ ಸೀರೆ ಗಾಲಿಗೆ ಸುತ್ತಿಕೊಂಡು ಗಾಡಿ ಕುಲುಕಿತು. ಕೊನೆಯ ಸೀಟಿನಲ್ಲಿದ್ದ ಸಾಬಣ್ಣ ಟವೆಲು ಸಮೇತ ಎದ್ದು ಕೂತು, ಹೊರಗೆ ನೋಡಿ, ಒಂದೇ ಮಾತು ಕೂಗಿದ.

"ಬ್ರೇಕ್!"

ಇಳಿದೆವು. ಮುದುಕಿ ಬೈಯುತ್ತಾಳೆಂದು ನಾನು ಒಳಗೊಳಗೇ ಕ್ಷಮಾಪಣೆಯ ಒಕ್ಕಣೆ ಸಿದ್ಧಪಡಿಸುತ್ತಿದ್ದೆ. ಅವಳು ಬೈಯಲಿಲ್ಲ. ರಸ್ತೆಯ ಮೇಲೆ ಕೂತಳು. ಮೇಲಿನ ಗಿಡಗಳನ್ನು ಸರಿಸಿದಳು. ಕೆಳಗೆ ಸೀರೆಯ ಮೇಲೆ ತೆಳ್ಳಗೆ ಕಾಳು ಹರಡಿತ್ತು. ಬಡಿದು, ಹಸನು ಮಾಡಿ, ಆರಿಸಿಟ್ಟ ಮಸೂರಿನ ಕಾಳು. ಹಕ್ಕಿ ತಿನ್ನಬಾರದೆಂದು ಮೇಲೆ ಒಣಗಿದ ಗಿಡ ಮುಚ್ಚಿದ್ದಳು ಅಷ್ಟೆ. ಮಸೂರು ಹೊರಗೆ ಕಂದು, ಒಡೆದರೆ ಒಳಗೆ ಕೆಂಪು. ನನ್ನ ಗಾಲಿ ಹೋದಲ್ಲೆಲ್ಲ ಎರಡು ಉದ್ದನೆಯ ಕೆಂಪು ಪಟ್ಟಿ ಬಿದ್ದಿತ್ತು. ಅವಳು ಒಂದು ಚಿಟಿಕೆ ಎತ್ತಿ ನನಗೆ ತೋರಿಸಿದಳು.

"ಬೀಜ್" ಎಂದಳು. "ಬೀಜ್ ಥಾ, ಬೇಟಾ."

ಈ ಮಾತು ತಿಳಿಯಲು ಹಿಂದಿ ಬೇಕಾಗಲಿಲ್ಲ. ಮುಂದಿನ ಬಿತ್ತನೆಗೆ ತೆಗೆದಿಟ್ಟದ್ದನ್ನು ನಾನು ಬೇಳೆ ಮಾಡಿಟ್ಟಿದ್ದೆ. ಒಡೆದ ಕಾಳು ಮೊಳೆಯುವುದಿಲ್ಲ. ಕುರ್ಚಿಯ ಮೇಲೆ ಬೆಳೆದ ನನಗೂ ಅಷ್ಟು ಗೊತ್ತು. ಅವಳು ನನ್ನನ್ನು ಬೇಟಾ ಎಂದದ್ದು ಬೇರೆ. ನನಗೆ ವಿಪರೀತ ನಾಚಿಕೆಯಾಯಿತು.

ನಾಚಿಕೆಯಾದಾಗ ಗುಮಾಸ್ತರು ಜೇಬಿಗೆ ಕೈ ಹಾಕುತ್ತಾರೆ. ನಾನೂ ಹಾಕಿದೆ. ಮುದುಕಿ ತಲೆ ಅಲ್ಲಾಡಿಸಿದಳು. ಅಂಗಡಿಯಲ್ಲಿ ಬೇರೆ ಕೊಡಿಸುತ್ತೇನೆ ಎಂದೆ. ಅದಕ್ಕೂ ತಲೆ ಅಲ್ಲಾಡಿಸಿ, ಹೊಲದ ಕಡೆ ಕೈ ಮಾಡಿ, ಮತ್ತೆ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಈ ಬೀಜ ಅವಳ ಹೊಲದ್ದೇ, ವರ್ಷ ವರ್ಷ ತೆಗೆದಿಟ್ಟುಕೊಂಡು ಬಂದದ್ದು. ಶಾಂತಾ ಗಡಿಯಾರ ನೋಡಿದಳು. ನಾನು ಮುದುಕಿಗೆ ಕೈಮುಗಿದು, ಹೇಗೋ ದುಡ್ಡನ್ನು ಅವಳ ಪಕ್ಕದಲ್ಲಿಟ್ಟು, ಗಾಡಿಯ ಕಡೆ ತಿರುಗಿದೆ.

ಅತ್ತೆ ಗಾಡಿಯಿಂದ ಇಳಿದು ನಿಂತಿದ್ದರು. ಒಂದು ಕೈ ಬಾಗಿಲ ಮೇಲೆ, ಒಂದು ಕೈ ಮೊಣಕಾಲ ಮೇಲೆ. ತಲೆಯ ಮೇಲಿನ ಸೆರಗು ಜಾರಿತ್ತು. ಅದನ್ನು ಎಳೆದುಕೊಳ್ಳಲಿಲ್ಲ. ನೇರ ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ಎಲ್ಲಿಗಿ ಹೊಂಟಿ?"

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಸಾಬಣ್ಣನೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ನನಗೇ ಹೇಳಿದ್ದು.

"ಅಲ್ರಿ, ಲುಂಬಿನಿ ಗೇಟು ಮುಚ್ಚತಾರ... ಗಾಡಿ ಪರವಾನಗಿ ಸಂಜೀಮಟ ಅಷ್ಟ..."

"ಮುಚ್ಚಲಿ. ಬಡವಿ ಬೀಜ ತುಳದು, ಹಂಗೇ ಹೋಗಿ ಬುದ್ಧನ ಮುಂದ ನಾ ಏನಂತ ನಿಂದರಲಿ? ದುಡ್ಡು ಬಿತ್ತಿದ್ರ ನಾಟ್ಯಾವೇನು? ಕುಂದುರು. ಆರಿಸು."

ಕೂತೆ. ಎಲ್ಲಿ ಎಂದು ಕೂಡ ಕೇಳಲಿಲ್ಲ.

ನಾಲ್ಕು ದಿನ ಗಾಡಿಯಲ್ಲಿ ಕೂತು ಬಂದ ಆ ಮೊಣಕಾಲುಗಳನ್ನು ಮಡಚಲಾರದೆ ಅತ್ತೆ ರಸ್ತೆಬದಿಯ ಕಲ್ಲಿನ ಮೇಲೆ ಕೂತರು. "ಅಕ್ಕ, ಮರ ಕೊಡು" ಎಂದು ಮುದುಕಿಗೆ ಶುದ್ಧ ಸುರಪುರದ ಮಾತಿನಲ್ಲಿ ಹೇಳಿ ಕೈಯಲ್ಲಿ ಕೇರುವ ಅಭಿನಯ ಮಾಡಿದರು. ಮುದುಕಿ ಎದ್ದು ಹೋಗಿ ಮೊರ ತಂದುಕೊಟ್ಟಳು. ಅತ್ತೆ ಕೇರತೊಡಗಿದರು. ಹೊಟ್ಟು ಮುಂದಕ್ಕೆ ಹಾರಿತು, ಬೇಳೆ ಒಂದು ಕಡೆ, ಗುಂಡು ಕಾಳು ಒಂದು ಕಡೆ ಸರಿಯಿತು. ಮುದುಕಿ ಅವರ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಹತ್ತಿರ ಬಂದು ಕೂತಳು. ಒಬ್ಬರು ಕನ್ನಡದಲ್ಲಿ, ಒಬ್ಬರು ಅವರ ಮಾತಿನಲ್ಲಿ, ಏನೇನೋ ಹೇಳಿಕೊಂಡರು. ಇಬ್ಬರೂ ಸರಿಯಾದ ಜಾಗದಲ್ಲೇ ತಲೆ ಆಡಿಸುತ್ತಿದ್ದರು.

ಮೊರಕ್ಕೆ ಸಿಗದ ಚೂರುಗಳನ್ನು ಕೈಯಿಂದಲೇ ಆರಿಸಬೇಕಿತ್ತು. ಅದು ನನ್ನ ವಿಭಾಗ. ಸಾಬಣ್ಣ ಗಾಲಿಯಿಂದ ಸೀರೆ ಬಿಡಿಸಿ ಬಂದು ಕೂತ. ಶಾಂತಾಳೂ ಕೂತಳು. ಹತ್ತು ನಿಮಿಷಕ್ಕೆ ಅವರ ಮುಂದೆ ಮುಷ್ಟಿ ಮುಷ್ಟಿ ಕಾಳು ಗುಡ್ಡೆಯಾಯಿತು. ನನ್ನ ಮುಂದೆ ಇದ್ದವನ್ನು ಎಣಿಸಬಹುದಿತ್ತು. ಅದರಲ್ಲೂ ಎರಡು ಹರಳು ಕಲ್ಲು.

"ಕನ್ನಡಕ ಒರಿಸ್ಕೋರಿ" ಎಂದಳು ಶಾಂತಾ.

ಒರೆಸಿಕೊಂಡೆ. ಕಲ್ಲುಗಳು ಇನ್ನೂ ಚೆನ್ನಾಗಿ ಕಂಡವು. ಕಾಳು ಕಾಣಲಿಲ್ಲ. ಬೆನ್ನು ಸೆಟೆದುಕೊಂಡಿತು, ಕಾಲು ಜೋಮು ಹಿಡಿಯಿತು. ದಾರಿಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸಿ, ಪ್ಯಾಂಟು ಇಸ್ತ್ರಿ ಮಾಡಿಕೊಂಡು ಕಾಳು ಆರಿಸಲು ಬಂದ ವಿದೇಶಿಯನ್ನು ನೋಡಿ ಮುಂದೆ ಹೋದರು. ಇಷ್ಟು ಕೆಲಸ ಈ ಹೆಂಗಸರು ದಿನಾ ಮಾಡುತ್ತಾರೆ, ಅತ್ತೆ ಅರವತ್ತು ವರ್ಷ ಮಾಡಿದ್ದಾರೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿತ್ತು. ಮೊಣಕಾಲಿನಿಂದ ಗೊತ್ತಾದದ್ದು ಆವತ್ತೇ.

ಸೂರ್ಯ ಇಳಿಯತೊಡಗಿದ. ಶಾಂತಾ ಎರಡು ಸಲ, "ಅವ್ವ, ಗೇಟು" ಎಂದಳು. ಅತ್ತೆ ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಅವರ ಮುಖ ನೋಡಿದೆ. ಅವರಿಗೂ ಹೊತ್ತು ಗೊತ್ತಿತ್ತು. ಮತ್ತೊಮ್ಮೆ ಬರುವ ಕಾಲು ತಮಗಿಲ್ಲ ಎಂಬುದೂ ಗೊತ್ತಿತ್ತು. ಅಷ್ಟು ದೂರ ಬಂದು, ಇನ್ನು ಅರ್ಧ ತಾಸಿನ ದಾರಿ ಇರುವಾಗ, ಅವರ ಒಂದೇ ಒಂದು ಆಸೆಯನ್ನು ನಾನು ಮುಂದಕ್ಕೂ ಹಿಂದಕ್ಕೂ ಗಾಲಿಯಲ್ಲಿ ತುಳಿದಿದ್ದೆ. ಇನ್ನೊಂದು ಮುಷ್ಟಿ ಮುಂದಕ್ಕೆ ಎಳೆದುಕೊಂಡೆ. ಆರಿಸಿದೆ.

ಕೊನೆಗೆ ಮುದುಕಿಯೇ ಅತ್ತೆಯ ಕೈ ಹಿಡಿದು ಮೊರ ಕೆಳಗಿಡಿಸಿದಳು. ಅರ್ಧಕ್ಕಿಂತ ತುಸು ಹೆಚ್ಚು ಬೀಜ ಉಳಿದಿತ್ತು. ಸಾಕು, ಬಿತ್ತುತ್ತೇನೆ ಎಂಬಂತೆ ತಲೆ ಆಡಿಸಿದಳು. ದುಡ್ಡನ್ನು ನನ್ನ ಜೇಬಿಗೇ ತುರುಕಿದಳು. ಒಡೆದ ಬೇಳೆಯಲ್ಲಿ ಒಂದು ಪಾಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದನ್ನೂ ನನ್ನ ಕೈಗೇ ಕೊಟ್ಟು ಏನೋ ಅಂದಳು. ಸಾಬಣ್ಣನಿಗೆ ಉತ್ತರ ಭಾರತದ ಕಾರ್ಮಿಕರ ಜೊತೆಗಿದ್ದು ಆ ಮಾತು ಸ್ವಲ್ಪ ಬರುತ್ತದೆ.

"ಏನಂತಾಳೋ?"

"ನೀನ ಮಾಡಿದ್ದು, ನೀನ ಉಣ್ಣು ಅಂತಾಳ್ರಿ ಮಾವ."

ಮುದುಕಿ ಮೊದಲ ಸಲ ನಕ್ಕಳು. ಅತ್ತೆಯೂ ನಕ್ಕರು. ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಸವರಿ ನೆಟಿಗೆ ಮುರಿದರು. ಅದೂ ಎರಡು ದೇಶದಲ್ಲಿ ಒಂದೇ ತರಹ ಇತ್ತು.

ಗಾಡಿಯನ್ನು ಸಾಬಣ್ಣ ಓಡಿಸಿದ. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಲುಂಬಿನಿ ಮುಟ್ಟಿದಾಗ ಕಾವಲಿನವನು ಗೇಟಿನ ಒಂದು ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ಹಚ್ಚಿದ್ದ. ನಾನು ಓಡಿಹೋಗಿ ಫೈಲು ಬಿಚ್ಚಿ ಪರವಾನಗಿ, ಲೈಸೆನ್ಸು, ಕೊನೆಗೆ ಸುತ್ತೋಲೆಯನ್ನೂ ತೋರಿಸಿದೆ. ಅವನು ಯಾವುದನ್ನೂ ನೋಡಲಿಲ್ಲ. ನನ್ನ ಹಿಂದೆ ಮಗಳ ಹೆಗಲು ಹಿಡಿದು ಕುಂಟುತ್ತ ಬರುತ್ತಿದ್ದ ಅತ್ತೆಯನ್ನು ನೋಡಿದ. ಅವರ ಸೀರೆಯ ತುಂಬ ಹೊಟ್ಟು. ಏನನ್ನಿಸಿತೋ, ಒಳಗೆ ಓಡಾಡುವ ರಿಕ್ಷಾದವನೊಬ್ಬನನ್ನು ಕೂಗಿ ಅತ್ತೆಯನ್ನೂ ಶಾಂತಾಳನ್ನೂ ಕೂರಿಸಿದ. ಅವರ ಹಿಂದೆಯೇ ನಾನು ಕಾಲಿಟ್ಟೆ. ಅವನು ಬಾಗಿಲು ಹಾಕಿದ.

"ನಾನು ಅವರ ಅಳಿಯ" ಎಂದೆ. ಅವನು ತಲೆ ಆಡಿಸಿ ಅಗಳಿ ಸರಿಸಿದ.

ಅರ್ಧ ತಾಸು ಗೇಟಿನ ಸರಳು ಹಿಡಿದು ನಿಂತೆ. ಹೊರಬಂದ ಅತ್ತೆ ನೇರ ಗಾಡಿಯ ಕಡೆ ನಡೆದರು. ಒಳಗೆ ಅವರು ಪ್ರಯಾಸಪಟ್ಟು ನೆಲಕ್ಕೆ ಕೂತು, ಎರಡೂ ಅಂಗೈ ಮಣ್ಣಿನ ಮೇಲಿಟ್ಟು, ಎಬ್ಬಿಸುವವರೆಗೆ ಏಳಲಿಲ್ಲವೆಂದು ಶಾಂತಾ ಹೇಳಿದಳು. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿದ್ದವು. ನನಗೂ ಕಣ್ಣು ತುಂಬಿತು. ನಾನು ಫೈಲು ಅಡ್ಡ ಹಿಡಿದುಕೊಂಡೆ. ಗಡಿಯಲ್ಲಿ ಗಡುವು ಮೀರಿದ್ದಕ್ಕೆ ಹೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರು ಹೇಳಿದ್ದೆಲ್ಲ ನ್ಯಾಯವೇ ಆಗಿತ್ತು.

ಊರಿಗೆ ಬಂದ ಮೇಲೆ ಅತ್ತೆಯ ಮನೆ ತುಂಬ ಜನ. ಲುಂಬಿನಿ ನೋಡಿ ಬಂದವರನ್ನು ನೋಡಲು ಬಂದವರು. ಅತ್ತೆ ಒಳಗಿನ ಕೊಳ, ಕಲ್ಲಿನ ಕಂಬ, ದೊಡ್ಡ ಮರ, ಎಲ್ಲವನ್ನೂ ಹೇಳಿದರು. ಕೇಳುತ್ತ ನಾನೂ ಮುಂದೆ ಸರಿದು ಕೂತೆ, ಏಕೆಂದರೆ ನನಗೂ ಅದು ಹೊಸ ವಿಷಯವೇ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು.

"ಮತ್ತ ನೀವು ಹೇಳ್ರಿ ಸರ, ನೀವು ಏನೇನು ನೋಡಿದ್ರಿ?"

ನಾನು ಗ್ರಂಥ ತೆರೆಯುವವನಂತೆ ಗಂಟಲು ಸರಿಮಾಡಿಕೊಂಡೆ. ಅತ್ತೆ ಮೆತ್ತಗೆ ಹೇಳಿದರು:

"ಅವ್ರು ಒಳಗ ಬಂದಿದ್ದಿಲ್ಲೋ ಯಪ್ಪಾ. ಹೊರಗ ಗಾಡಿ ಕಾಯಾಕತ್ತಿದ್ರು."

ನನ್ನ ಮರ್ಯಾದೆ ಉಳಿಸಲು ಆ ತಾಯಿ ಹೇಳಿದ ಸುಳ್ಳು ಅದು. ಗಾಡಿಯನ್ನು ಕಾಯುತ್ತಿದ್ದವನು ಸಾಬಣ್ಣ. ನನ್ನನ್ನು ಗಾಡಿಯ ಹತ್ತಿರ ಅವನು ಬಿಟ್ಟಿರಲಿಲ್ಲ.